ಚಾಂದ್‌ಖೇಡಾದ ಬನ್ನಿಮರ

ಗುಳೇದಗುಡ್ಡದ ಅಜ್ಜನ ಕರಿ ಕೋಟಿಗೆ ವರ್ಷಕ್ಕೊಂದು ದಿನ ಒಂದು ವಾಸನೆ ಬರುತ್ತಿತ್ತು. ವಿಜಯದಶಮಿಯ ಸಂಜೆ ಊರ ಹೊರಗಿನ ಬನ್ನಿಮರಕ್ಕೆ ಕೈಮುಗಿದು ಬರುವಾಗ ಅಜ್ಜ ಬಲಜೇಬಿನ ತುಂಬ ಎಲೆ ತುಂಬಿಕೊಂಡು ಬರುತ್ತಿದ್ದ. ಎಂಟು ವರ್ಷದ ಮೊಮ್ಮಗಳು ಪದ್ಮಾವತಿ ಆ ಜೇಬಿಗೆ ಮೊಣಕೈವರೆಗೆ ಕೈ ಇಳಿಸಿ, ಸಿಕ್ಕಷ್ಟು ಎಲೆ ತೆಗೆದು ಮೂಗಿಗೆ ಹಿಡಿಯುತ್ತಿದ್ದಳು. ಹುಣಸೆಯ ಚಿಗುರಿನಂಥದೇ ವಾಸನೆ, ಆದರೆ ಅದಕ್ಕಿಂತ ಒಗರು, ಅದಕ್ಕಿಂತ ಒಣಕಲು. ಹಿಂದೆ ಎಲ್ಲೋ ಒಂದಿಷ್ಟು ನಶ್ಯ.

ಐವತ್ತಾರು ವರ್ಷದ ಮೇಲೆ ಅದೇ ವಾಸನೆ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಫೆಬ್ರವರಿಯ ಒಂದು ಬೆಳಿಗ್ಗೆ ಪದ್ಮಾವತಿಯವರ ಬೆರಳ ತುದಿಯಲ್ಲಿತ್ತು.

ಕನ್ನಡ ಸಂಘದವರು ಸ್ವಂತ ಸಭಾಭವನ ಕಟ್ಟಲು ಕೊಂಡ ಜಾಗ ಅದು. ಸೋಮವಾರ ಎಲ್ಲರೂ ನೋಡಲು ಬಂದಿದ್ದರು. ಮೂಲೆಯಲ್ಲಿ, ಮುಚ್ಚಿಹೋದ ಬಾವಿಯ ಪಕ್ಕ, ಒಂದು ಡೊಂಕು ಮರ. ಮೈತುಂಬ ಹಳದಿ ಕುಚ್ಚು ಹೂ. ಗುರುವಾರ ಜೆಸಿಬಿ ಬಂದು ಅದನ್ನು ಕಿತ್ತುಹಾಕುವುದೆಂದು ತೀರ್ಮಾನವಾಗಿತ್ತು. ಪದ್ಮಾವತಿ ಸುಮ್ಮನೆ ಒಂದು ಎಲೆ ಹಿಸುಕಿ ಮೂಸಿದ್ದರು.

ಅಷ್ಟಕ್ಕೇ ಅವರು ನಂಬುವವರಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಮೂಗು ಸಾಕ್ಷಿಯಾಗುವುದಿಲ್ಲ ಎಂದು ಎಷ್ಟೋ ಮಕ್ಕಳಿಗೆ ಹೇಳಿದ್ದರು. ಕನ್ನಡಕ ಹಾಕಿಕೊಂಡು ಕೊಂಬೆಯೊಂದನ್ನು ಬಗ್ಗಿಸಿ ಮುಳ್ಳು ಹುಡುಕಿದರು. ನಮ್ಮ ಕಡೆ ಬಳ್ಳಾರಿ ಜಾಲಿ ಎನ್ನುವುದನ್ನು ಗುಜರಾತಿನಲ್ಲಿ ಗಾಂಡೋ ಬಾವಳ, ಎಂದರೆ ಹುಚ್ಚು ಜಾಲಿ, ಎನ್ನುತ್ತಾರೆ. ಬನ್ನಿಯೂ ಅದೂ ತೊಗರಿ, ಹೆಸರುಕಾಳುಗಳ ಬಳಗದವೇ. ಎಲೆ ಒಂದೇ ಥರ, ಹೂ ಒಂದೇ ಥರ, ದೂರದಿಂದ ನೋಡಿದವರಿಗೆ ಅಕ್ಕತಂಗಿಯರು. ಮುಳ್ಳು ಮಾತ್ರ ಬೇರೆ. ಜಾಲಿಗೆ ಎಲೆ ಹುಟ್ಟುವ ಗೆಣ್ಣಿನಲ್ಲೇ ಮುಳ್ಳು, ಹೆಚ್ಚಾಗಿ ಜೋಡಿಯಾಗಿ, ಬೆಕ್ಕಿನ ಕಿವಿಯ ಹಾಗೆ. ಬನ್ನಿಗೆ ಗೆಣ್ಣು ಗೆಣ್ಣಿನ ನಡುವಿನ ಬರಿ ಜಾಗದಲ್ಲಿ, ಬುಡ ದಪ್ಪಗಿರುವ ಒಂಟಿ ಮುಳ್ಳುಗಳು, ಯಾರೋ ಕೈಗೆ ಬಂದಲ್ಲಿ ಚುಚ್ಚಿಟ್ಟ ಹಾಗೆ.

ಈ ಕೊಂಬೆಯ ಗೆಣ್ಣುಗಳೆಲ್ಲ ಬರಿದಾಗಿದ್ದವು. ಮುಳ್ಳೆಲ್ಲ ನಡುವೆ.

"ಇದನ್ನ ಕಡೀಲಿಕ್ಕೆ ಬರೂದಿಲ್ಲ," ಅಂದರು ಪದ್ಮಾವತಿ. "ಇದು ಬನ್ನಿ."

ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಸಂಜೆ ವಸ್ತ್ರಾಪುರ ಕೆರೆಯ ಹತ್ತಿರದ ಉಡುಪಿ ಹೋಟೆಲಿನ ಮಾಳಿಗೆಯಲ್ಲಿ ಸಭೆ ಸೇರಿದಾಗ ಅವರು ಅದನ್ನೇ ಇನ್ನೊಮ್ಮೆ, ಈ ಸಲ ಎದ್ದು ನಿಂತು ಹೇಳಿದರು. ಹೋಟೆಲಿನ ಯಜಮಾನರಾದ ಜನಾರ್ದನ ಐತಾಳರೇ ಸಂಘದ ಕಾರ್ಯದರ್ಶಿ. ಕೋಟದಿಂದ ಬಂದು ನಲವತ್ತು ವರ್ಷ ಈ ಊರಿಗೆ ಇಡ್ಲಿ ತಿನ್ನಿಸಿದವರು. ಸಭಾಭವನ ಅವರ ಹತ್ತು ವರ್ಷದ ಕನಸು.

"ಎಂತ ಹೇಳ್ತೀರಿ ಪದ್ಮಕ್ಕ, ಬನ್ನಿಯಾ?" ಎಂದರು. "ನಮ್ಮ ದಸರಾಕ್ಕೆ ಪ್ರತಿವರ್ಷ ಪೇಟೆಯಿಂದ ಬನ್ನಿ ತರ್ತೇವಲ್ಲ, ಅದರ ಎಲೆ ಹೀಗಾ ಇರುದು?"

"ನೀವು ತರೂದು ಬನ್ನೀನೇ ಅಲ್ರೀ. ಅದು ಆಪಟಾ. ಮರಾಠಿ ಮಂದಿ ಹಂಚೂ ಎಲಿ. ನಾ ಹನ್ನೆರಡು ವರ್ಷದಿಂದ ಹೇಳಾಕತ್ತೀನಿ, ನೀವು ಹನ್ನೆರಡು ವರ್ಷದಿಂದ 'ಪ್ರಸಾದ ಮುಗೀತದ, ಕೆಳಗ ಬರ್ರಿ' ಅಂತೀರಿ."

ಸಭೆ ನಕ್ಕಿತು. ಐತಾಳರೂ ನಕ್ಕರು. ಆಮೇಲೆ ಮೂಲೆಯಲ್ಲಿ ಕೂತಿದ್ದ ಅಕ್ಷಯ್ ಕಡೆ ತಿರುಗಿ, "ತೋರಿಸಾ ಮಾರಾಯ," ಅಂದರು.

ಅಕ್ಷಯ್ ಭವನದ ನಕ್ಷೆ ಮಾಡಿದ ಎಂಜಿನಿಯರ್. ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಬರುತ್ತದೆ, ಆದರೆ ಪ್ರತಿ ವಾಕ್ಯಕ್ಕೂ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತದೆ. ಅವನು ಸಂಕೋಚದಿಂದಲೇ ಎರಡು ಹಾಳೆ ತಂದು ಪದ್ಮಾವತಿಯವರ ಮುಂದಿಟ್ಟ.

"ಆಂಟಿ, ಸಾರಿ. ಇದು ನೆಟ್‌ನಲ್ಲಿ ಸಿಕ್ಕಿತು. ವಡೋದರಾದ ಕಾಲೇಜು ಹಳೆ ಸರ್ವೆ ಎಲ್ಲ ಹಾಕಿದೆ. ಗಾಂಡೋ ಬಾವಳ ಆದರೆ ಕಡಿಯೋದಕ್ಕೆ ಯಾರೂ ಏನೂ ಕೇಳಲ್ಲ. ಖೀಜಡೋ, ಅಂದರೆ ನಿಮ್ಮ ಬನ್ನಿ, ಆದರೆ ಅರ್ಜಿ, ಇನ್‌ಸ್ಪೆಕ್ಷನ್, ಎಲ್ಲ. ನಾವು ಕಾರ್ಪೊರೇಷನ್ನಿನ ಗಾರ್ಡನ್ ಆಫೀಸಿಗೆ ಈ ಲಿಸ್ಟ್ ಕೊಟ್ಟಿದ್ದೇವೆ."

ಅದು ೧೯೮೩ರ ಪಟ್ಟಿ. ಅಹಮದಾಬಾದಿನಿಂದ ಸೂರತ್ತಿನವರೆಗೆ ರೈಲುದಾರಿಯ ಅಕ್ಕಪಕ್ಕದ ಮರಗಳು. ಸಂಖ್ಯೆ ಮೂವತ್ತೊಂದು: ಚಾಂದ್‌ಖೇಡಾ, ಬಾವಿಯ ಪಕ್ಕ, ಗಾಂಡೋ ಬಾವಳ. ಗುರುತಿಸಿದವರು: ಪದ್ಮಾವತಿ ಜೆ. ಗಲಗಲಿ, ಎಂ.ಎಸ್ಸಿ. ವಿದ್ಯಾರ್ಥಿನಿ.

ಅಚ್ಚಿನಲ್ಲಿ ತಮ್ಮ ಹೆಸರು ಕಂಡು ಒಂದು ಗಳಿಗೆ ಅವರಿಗೆ ಖುಷಿಯೇ ಆಯಿತು. ಮರುಗಳಿಗೆ ಕಿವಿ ಬಿಸಿಯಾದವು.

"ನೀವೇ ಬರ್ದದ್ದಲ್ದಾ?" ಐತಾಳರ ದನಿ ಮೃದುವಾಗಿತ್ತು, ಅದೇ ಹೆಚ್ಚು ಚುಚ್ಚಿತು. "ಆಗ ಕಣ್ಣು ಚುರುಕಿತ್ತು, ಓದು ಹಸಿ ಇತ್ತು. ಈಗ ನಲವತ್ತೆರಡು ವರ್ಷ ಆಯ್ತು. ಯಾವ ಪದ್ಮಕ್ಕನನ್ನು ನಾವು ನಂಬುದು?"

ಮತ್ತೆ ನಗು. ಪದ್ಮಾವತಿ ಹಾಳೆಯನ್ನು ನಾಲ್ಕಾಗಿ ಮಡಿಸಿ ಪರ್ಸಿಗೆ ಹಾಕಿಕೊಂಡರು.

"ಈಗಿನಾಕೀನ್ನ ನಂಬ್ರಿ," ಅಂದರು. "ಆಗಿನಾಕಿ ತಪ್ಪು ಬರದಾಳ. ಗುರುವಾರದೊಳಗ ಅದನ್ನ ಬರಹದಾಗ ತರ್ತೀನಿ."

ಮನೆಯಲ್ಲಿ ಗಂಡ ಜಯತೀರ್ಥರು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ವಿಮಾ ಕಚೇರಿಯ ನೌಕರಿಯ ಮೇಲೆ ವಡೋದರಾಕ್ಕೆ ವರ್ಗವಾದಾಗ ಇಪ್ಪತ್ತರ ಹೆಂಡತಿಯನ್ನು ಎಂ.ಎಸ್ಸಿ.ಗೆ ಸೇರಿಸಿ, ಅವಳು ಓದುವಷ್ಟು ದಿನವೂ ಅಡಿಗೆ ತಾನೇ ಮಾಡಿದ ಮನುಷ್ಯ. ಆ ರೂಢಿ ಬಿಟ್ಟಿರಲಿಲ್ಲ. ಎಲ್ಲ ಕೇಳಿ, "ಹಂಗಾರ ಆ ತಪ್ಪು ಹೆಂಗಾತು?" ಎಂದರು.

ಪದ್ಮಾವತಿಗೆ ನೆನಪಿತ್ತು, ಈಗ ಪಟ್ಟಿ ನೋಡಿದ ಮೇಲೆ ಇನ್ನೂ ಚೆನ್ನಾಗಿ. ಆಗಸ್ಟ್ ತಿಂಗಳು, ಮಳೆ. ಆಡಿನವರು ಮೇವಿಗೆಂದು ಆ ಮರವನ್ನು ಬುಡದವರೆಗೆ ಬೋಳಿಸಿದ್ದರು; ಅದು ಹತ್ತು ಕವಲು ಚಿಗುರಿ ಪೊದೆಯಾಗಿ ನಿಂತಿತ್ತು, ಥೇಟ್ ಜಾಲಿಯ ಹಾಗೆ. ಹೂ ಇಲ್ಲ, ಕಾಯಿ ಇಲ್ಲ. ಸಂಜೆಯೊಳಗೆ ಪಟ್ಟಿ ಮುಗಿಯಬೇಕಿತ್ತು. ಇಪ್ಪತ್ತೆಂಟಕ್ಕೆ ಗಾಂಡೋ ಬಾವಳ ಎಂದು ಬರೆದಾಗಿತ್ತು. ಅದರ ಕೆಳಗೆ ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು.

"ಹೆಸರೇ ಬರೀಲಿಲ್ರೀ. ಮ್ಯಾಲಿನದೇ ಅಂತ ಎರಡೆರಡು ಗೀಟು ಹಾಕಿಕೋತ ಹೋದೆ."

ಜಯತೀರ್ಥರು ಒಲೆ ಆರಿಸಿ, "ಒಳ್ಳೇದಾತು ಬಿಡು. ನೀ ನನ್ನ ತಪ್ಪಷ್ಟ ಹುಡುಕ್ತಿ ಅಂದುಕೊಂಡಿದ್ದೆ," ಎಂದರು. ಮಂಗಳವಾರ ಬೆಳಿಗ್ಗೆ ಪದ್ಮಾವತಿ ಏಳುವ ಮೊದಲೇ ನೀರಿನ ಬಾಟಲಿ, ಔಷಧಿಯ ಡಬ್ಬಿ, ಕಿತ್ತಳೆ ಹಣ್ಣು ಚೀಲದಲ್ಲಿ ಕೂತಿದ್ದವು.

ವಡೋದರಾದ ರೈಲಿನಲ್ಲಿ ಕಿಟಕಿಯ ಬಳಿ ಕೂತಿದ್ದ ಹೆಂಗಸೊಬ್ಬಳು ಕೇಳದೆಯೇ ಎದ್ದು ಜಾಗ ಬಿಟ್ಟುಕೊಟ್ಟಳು. ಪದ್ಮಾವತಿ ದಾರಿಯುದ್ದಕ್ಕೂ ಹೊರಗಿನ ಹಳದಿ ಹೂಗಳನ್ನು ನೋಡಿದರು. ಜಾಲಿ, ಜಾಲಿ, ಜಾಲಿ. ಎಲ್ಲೋ ಒಂದು ಬನ್ನಿ. ರೈಲು ನಿಲ್ಲುವುದಿಲ್ಲ, ಆದರೆ ಕಣ್ಣು ಈಗ ತಪ್ಪುತ್ತಿರಲಿಲ್ಲ.

ಅವರು ಓದಿದ ಕಾಲೇಜಿನ ಹರ್ಬೇರಿಯಂ, ಎಂದರೆ ಒಣಗಿಸಿದ ಗಿಡಗಳ ಸಂಗ್ರಹ, ಈಗಲೂ ಹಳೆಯ ಮಾಳಿಗೆಯಲ್ಲೇ ಇತ್ತು. ಕಬ್ಬಿಣದ ಕಪಾಟುಗಳು, ನುಸಿಗುಳಿಗೆಯ ಘಾಟು, ಗೋಡೆಯ ಮೇಲೆ ಆಗ ಅವರಿಗೆ ಕಲಿಸಿದ, ಈಗ ತೀರಿಹೋಗಿರುವ ಪ್ರೊಫೆಸರರ ಚಿತ್ರ. ನೋಡಿಕೊಳ್ಳುವ ಹುಡುಗಿಯ ಹೆಸರು ವಿಂಧ್ಯಾ. ಪದ್ಮಾವತಿಯವರ ಹಿಂದಿ ಕೇಳಿದ ಎರಡನೇ ನಿಮಿಷಕ್ಕೆ ಅವಳ ಮುಖ ಅರಳಿತು.

"ಆಂಟಿ, ನೀವು ಕನ್ನಡಾನಾ? ನಾವೂ. ಪಪ್ಪಾ ಸೂರತ್, ಪಾಂಡೇಸರಾ ಮಿಲ್‌ನಲ್ಲಿ ಬಣ್ಣದ ಕೆಲಸ. ನನ್ನ ಕನ್ನಡ... ಹೀಗೇ, ಸ್ವಲ್ಪ ಮುರಿದಿದೆ."

"ಮುರಿದಿದ್ರ ಏನಾತವಾ, ನಡೀತದಲ್ಲ."

ವಿಂಧ್ಯಾ ತನ್ನ ಕುರ್ಚಿಯ ಮೆತ್ತೆಯನ್ನು ತೆಗೆದು ಅವರ ಕುರ್ಚಿಗೆ ಹಾಕಿದಳು. ಮೂವತ್ತೊಂದನೇ ಹಾಳೆ ಬಂತು. ದಪ್ಪ ಕಾಗದಕ್ಕೆ ದಾರದಿಂದ ಹೊಲಿದ ಒಣ ಕೊಂಬೆ, ಬಲಗಡೆ ಕೆಳಗೆ ನೀಲಿ ಶಾಯಿಯ ಚೀಟಿ. ಆ ದುಂಡು ಅಕ್ಷರ ತಮ್ಮದೆಂದು ನಂಬಲು ಒಂದು ಗಳಿಗೆ ಬೇಕಾಯಿತು. ಪಕ್ಕದಲ್ಲಿ ಪ್ರೊಫೆಸರರ ಕೆಂಪು ಶಾಯಿಯ ಗುರುತು: ಸರಿ ಇದೆ.

ಭೂತಗನ್ನಡಿ ಹಿಡಿಯುವ ಅಗತ್ಯವೇ ಇರಲಿಲ್ಲ. ನಲವತ್ತೆರಡು ವರ್ಷ ಒಣಗಿ ಎಲೆ ಉದುರಿದ್ದರಿಂದ ಮುಳ್ಳುಗಳು ಇನ್ನೂ ಸ್ಪಷ್ಟವಾಗಿದ್ದವು. ಒಂದೂ ಗೆಣ್ಣಿನಲ್ಲಿಲ್ಲ.

"ಬನ್ನಿ," ಅಂದರು ಪದ್ಮಾವತಿ.

ವಿಂಧ್ಯಾ ತಾನೂ ಬಗ್ಗಿ ನೋಡಿದಳು. "ಹೌದು ಆಂಟಿ. ಪಕ್ಕಾ. ಗೊತ್ತಾ, ಈಗ ಇವೆರಡೂ ಒಂದೇ ಕುಲದಲ್ಲೂ ಇಲ್ಲ. ಮೊದಲು ಎರಡಕ್ಕೂ ಒಂದೇ ಸರ್‌ನೇಮ್ ಇತ್ತಲ್ಲ? ಮೂರ್ನಾಲ್ಕು ವರ್ಷದ ಹಿಂದೆ ಎಲ್ಲ ಪರೀಕ್ಷೆ ಮಾಡಿ ಬೇರೆ ಮಾಡಿದರು. ಬನ್ನಿಗೆ ಹಳೆ ಹೆಸರೇ ಉಳಿಯಿತು. ಗಾಂಡೋ ಬಾವಳದ ಕುಲವೇ ಬೇರೆ ಆಯಿತು."

"ಅಂದ್ರ ಅಕ್ಕತಂಗೇರಲ್ಲ."

"ದೂರದ ಕಸಿನ್ಸ್."

ಹರ್ಬೇರಿಯಂಗೆ ಒಂದು ಪದ್ಧತಿ ಇದೆ. ಹಳೆಯ ಚೀಟಿ ತಪ್ಪಿದ್ದರೂ ಯಾರೂ ಅದನ್ನು ಕೀಳುವುದಿಲ್ಲ, ಹೊಡೆದುಹಾಕುವುದಿಲ್ಲ. ತಿಳಿದವರು ಬಂದು ಇನ್ನೊಂದು ಸಣ್ಣ ಚೀಟಿಯಲ್ಲಿ ಸರಿಯಾದ ಹೆಸರು, ತಮ್ಮ ಹೆಸರು, ತಾರೀಖು ಬರೆದು ಪಕ್ಕಕ್ಕೆ ಅಂಟಿಸುತ್ತಾರೆ. ತಪ್ಪೂ ಇರುತ್ತದೆ, ತಿದ್ದಿದ್ದೂ ಇರುತ್ತದೆ. ವಿಂಧ್ಯಾ ಖಾಲಿ ಚೀಟಿ ತೆಗೆದಿಡುವಷ್ಟರಲ್ಲಿ ವಿಭಾಗದ ಮುಖ್ಯಸ್ಥ ಮಾಧವ ಸರ್ ಬಂದರು. ಐವತ್ತರ ಆಸುಪಾಸಿನ, ನಯವಾಗಿ ಮಾತಾಡುವ ಮನುಷ್ಯ. ಪದ್ಮಾವತಿಯವರಿಗೆ ನಮಸ್ಕಾರ ಹೇಳಿ, ಹಿಂದಿಯಲ್ಲಿ ಶುರುಮಾಡಿದರು.

ಮೇಡಂ ಸ್ವಲ್ಪ ಯೋಚಿಸಬೇಕು. ಈ ಪಟ್ಟಿ ಈಗಷ್ಟೇ ಜಾಲತಾಣಕ್ಕೆ ಹೋಗಿದೆ. ದೊಡ್ಡ ಸರ್ ಸ್ವತಃ ಒಪ್ಪಿ ಗುರುತು ಹಾಕಿದ್ದಾರೆ. ಒಂದನ್ನು ತಪ್ಪು ಅಂದರೆ ಜನ ಉಳಿದದ್ದನ್ನೂ ಸಂಶಯದಿಂದ ನೋಡುತ್ತಾರೆ. ಮೇಡಂ ಹೆಸರಿಗೂ ಅದು ಒಳ್ಳೆಯದಲ್ಲ. ಒಂದು ಮರಕ್ಕಾಗಿ ಇಷ್ಟೆಲ್ಲ ಯಾಕೆ?

"ನೋಡಲಿ," ಅಂದರು ಪದ್ಮಾವತಿ, ಹಿಂದಿಯಲ್ಲೇ. "ಸಂಶಯದಿಂದಲೇ ನೋಡಲಿ. ನಾನೂ ಹಾಗೇ ನೋಡೋಣ ಅಂತ ಬಂದಿದ್ದೇನೆ. ಆ ಪಟ್ಟಿಯಲ್ಲಿ ನಾನು ಬರೆದ ಹಾಳೆ ಹನ್ನೆರಡು. ಎಲ್ಲ ತೆಗೆಸಿ."

"ದೊಡ್ಡ ಸರ್ ಇದ್ದಿದ್ದರೆ..."

ಪದ್ಮಾವತಿ ಗೋಡೆಯ ಚಿತ್ರದ ಕಡೆ ತಿರುಗಿದರು. "ಇದ್ದಿದ್ದರೆ ಅವರ ಮುಂದೆಯೇ ಅಂಟಿಸುತ್ತಿದ್ದೆ. ಈ ಪದ್ಧತಿ ಕಲಿಸಿದವರು ಅವರೇ. ನನ್ನ ಅವಸರಕ್ಕೆ ಅವರು ತಮ್ಮ ಅವಸರದ ಮೊಹರು ಒತ್ತಿದರು, ಅಷ್ಟೇ. ಇಬ್ಬರದೂ ಒಂದೇ ಹಾಳೆಯಲ್ಲಿ ಇರಲಿ."

ತಾನು ಸಹಿ ಮಾಡುವುದಿಲ್ಲ ಎಂದರು ಮಾಧವ ಸರ್. ಬೇಡ ಎಂದು ಹೇಳಲು ಅಧಿಕಾರವೂ ಇಲ್ಲ ಎಂದರು. ಹೋಗುವಾಗ ಬಾಗಿಲ ಬಳಿಯ ಫ್ಯಾನಿನ ಗುಂಡಿ ಒತ್ತಿ, ಅದರ ಗಾಳಿ ಪದ್ಮಾವತಿಯವರ ಕಡೆ ಬರುವಂತೆ ತಿರುಗಿಸಿ ಹೋದರು.

ಹನ್ನೆರಡು ಹಾಳೆ ನೋಡಲು ಮಧ್ಯಾಹ್ನ ಮೂರಾಯಿತು. ಎರಡೆರಡು ಗೀಟಿನ ಕೆಳಗೆ ಇನ್ನೂ ಒಂದು ತಪ್ಪು ಅಡಗಿತ್ತು. ಸಂಖ್ಯೆ ನಲವತ್ತು: ಪಾಂಡೇಸರಾ, ಗದ್ದೆಯ ಬದು. ಅದೂ ಬನ್ನಿ.

"ಪಾಂಡೇಸರಾದಲ್ಲಿ ಗದ್ದೆಯಾ?" ವಿಂಧ್ಯಾ ಹಾಳೆಯನ್ನು ಬೆಳಕಿಗೆ ಹಿಡಿದಳು. "ಆಂಟಿ, ನಾನು ಅಲ್ಲೇ ಹುಟ್ಟಿದ್ದು. ಮಿಲ್, ಮಿಲ್ಲಿನ ಹಿಂದೆ ಮಿಲ್. ಮರವೇ ನೋಡಿಲ್ಲ."

ಪದ್ಮಾವತಿ ಬಹಳ ಹೊತ್ತು ಆ ಕೊಂಬೆಯನ್ನು ನೋಡಿದರು. ಆ ಮರ ಯಾವಾಗ ಹೋಯಿತೋ, ಯಾರು ಕಡಿದರೋ. ಕಡಿಯುವ ಮುನ್ನ ಯಾರಾದರೂ ಈ ಪಟ್ಟಿ ತೆಗೆದು ನೋಡಿ, ಜಾಲಿ ಅಷ್ಟೇ ಎಂದಿದ್ದರೋ ಏನೋ. ಆ ಮಾತಿಗೆ ಉತ್ತರ ಯಾವ ಕಪಾಟಿನಲ್ಲೂ ಸಿಗುವಂತಿರಲಿಲ್ಲ.

"ಇದಕ್ಕೂ ಹಚ್ಚಬೇಕಾ ಆಂಟಿ? ಮರವೇ ಇಲ್ಲವಲ್ಲ."

"ಇದಕ್ಕ ಮೊದಲ ಹಚ್ಚು."

ಪದ್ಮಾವತಿ ಪೆನ್ನು ತೆಗೆದು ಬರೆದರು. ಗೀಟು ಹಾಕಲಿಲ್ಲ. ಎರಡು ಚೀಟಿಯಲ್ಲೂ ಪೂರ್ತಿ ಹೆಸರು, ಅದರ ಕೆಳಗೆ ಒಂದು ಸಾಲು: ನನ್ನ ಹಿಂದಿನ ನಿರ್ಧಾರ ತಪ್ಪು. ಪದ್ಮಾವತಿ ಜೆ. ಗಲಗಲಿ. ವಿಂಧ್ಯಾ ಅಂಟಿಸಿ, ಮೊಹರು ಹೊಡೆದು, ಫೋಟೋ ತೆಗೆದು ಜಾಲತಾಣದ ಪಟ್ಟಿಯನ್ನೂ ಅಲ್ಲೇ ಬದಲಿಸಿದಳು. ಪದ್ಮಾವತಿ ಒಂದು ಪ್ರತಿಯನ್ನು ಅಕ್ಷಯ್‌ಗೆ ಕಳಿಸಿದರು, ಇನ್ನೊಂದನ್ನು ಗಾರ್ಡನ್ ಆಫೀಸಿಗೆ. ಬುಧವಾರ ಇಡೀ ದಿನ ಎರಡೂ ಕಡೆಯಿಂದ ಉತ್ತರ ಬರಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಜೆಸಿಬಿ ಬಂದಾಗ ಮರದ ಬುಡದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಪದ್ಮಾವತಿ ಕೂತಿದ್ದರು. ತಲೆಗೆ ಸೆರಗು, ತೊಡೆಯ ಮೇಲೆ ಕಾಗದ. ಜಯತೀರ್ಥರನ್ನು ಬರಬೇಡಿ ಎಂದು ಮನೆಯಲ್ಲೇ ಬಿಟ್ಟಿದ್ದರು. ಅವರಿಗೆ ಬಿಸಿಲು ಆಗುವುದಿಲ್ಲ.

"ಬಾ, ಜರಾ ಖಸೋ ನೇ," ಎಂದ ಚಾಲಕ. ಅಮ್ಮಾ, ಸ್ವಲ್ಪ ಸರಿಯಿರಿ ಅಂತ.

"ಸರಿಯೋದಿಲ್ಲಪ್ಪ," ಪದ್ಮಾವತಿ ಗುಜರಾತಿಯಲ್ಲೇ ಹೇಳಿದರು. "ನಿನ್ನ ಮೇಲೆ ಸಿಟ್ಟಿಲ್ಲ. ಇದು ಖೀಜಡೋ."

ಅವನು ಮರವನ್ನು ನೋಡಿದ, ಅವರನ್ನು ನೋಡಿದ. ಎಂಜಿನ್ನಿನ ಹೊಗೆ ಅವರ ಕಡೆಗೇ ಹೋಗುತ್ತಿರುವುದು ಕಂಡು ಆರಿಸಿದ. ಕೆಳಗಿಳಿದು ನೆರಳು ನೋಡಿಕೊಂಡು ಕೂತ.

ಒಂಬತ್ತಕ್ಕೆ ಐತಾಳರು ಬಂದರು, ಹಿಂದೆ ಅಕ್ಷಯ್. ಐತಾಳರ ಮುಖ ಕೆಂಪಾಗಿತ್ತು.

"ಎಂತ ಇದು ಪದ್ಮಕ್ಕ? ಮರ್ಯಾದೆಯಾ ಇದು? ನಾಳೆ ಪಾಯ ತೋಡ್ಲಿಕ್ಕೆ ಜನ ಬರ್ತಾರೆ. ಇಡೀ ಸಂಘ ಒಂದು ಕಡೆ, ನೀವೊಬ್ರು ಒಂದು ಕಡೆ!"

"ಒಬ್ಬಾಕಿ ಅಲ್ಲ. ಮರಾನೂ ಅದ."

"ತಮಾಷೆ ಬೇಡ. ನಮ್ಮ ಮಕ್ಕಳಿಗೆ ಕನ್ನಡ ಕಲಿಸ್ಲಿಕ್ಕೆ ಒಂದು ಸೂರು ಬೇಡ್ವಾ?"

"ಬೇಕ್ರೀ. ಆ ಮಕ್ಕಳಿಗೆ ಮೊದಲನೇ ದಿನ ಏನ್ ಕಲಸ್ತೀರಿ? ಬನ್ನಿ ಕಡದು ಸೂರು ಕಟ್ಟೀವಿ, ಪೇಟಿಂದ ಆಪಟಾ ತಂದು ಕೈಮುಗೀತೀವಿ ಅಂತಾನ? ಭವನ ಬ್ಯಾಡ ಅನ್ನಾಕತ್ತಿಲ್ಲ ನಾ. ಇದಕ್ಕ ಸುಳ್ಳು ಹೆಸರು ಹಚ್ಚಿ ಕಡೀಬ್ಯಾಡ್ರಿ ಅನ್ನಾಕತ್ತೀನಿ. ಕಡಿಯೂದೇ ಆದ್ರ ಬನ್ನಿ ಅಂತ ಬರದು, ಸಹಿ ಮಾಡಿ ಕಡೀರಿ. ಕಾರ್ಯದರ್ಶಿ, ಜನಾರ್ದನ ಐತಾಳ, ತಾರೀಖು ಹಾಕ್ರಿ. ನನ್ನ ತಪ್ಪಿಗೆ ನಾ ಹಾಕೀನಿ, ನೋಡ್ರಿ."

ಕಾಗದ ಚಾಚಿದರು. ಐತಾಳರು ಕನ್ನಡಕ ಹುಡುಕಿ, ಸಿಗದೆ, ಕೈಯನ್ನು ಉದ್ದ ಮಾಡಿ ಓದಿದರು. ಹಳೆಯ ಚೀಟಿ, ಕೆಂಪು ಗುರುತು, ಹೊಸ ಚೀಟಿ. 'ನನ್ನ ಹಿಂದಿನ ನಿರ್ಧಾರ ತಪ್ಪು' ಎಂಬಲ್ಲಿ ಅಲುಗುತ್ತಿದ್ದ ಅವರ ತುಟಿಗಳು ನಿಂತವು.

"ಇದು ನೆಟ್‌ನಲ್ಲೂ ಬಂದಿದೆಯಾ?" ಎಂದು ಅಕ್ಷಯ್‌ನನ್ನು ಕೇಳಿದರು.

"ಮಂಗಳವಾರವೇ ಬಂದಿದೆ ಅಂಕಲ್. ನಾನು ನಿಮಗೆ ಕಳಿಸಿದ್ದೆ." ಅಕ್ಷಯ್ ಉಸಿರು ತೆಗೆದುಕೊಂಡ. "ನಾನು ನಿನ್ನೆ ನಕ್ಷೆಯನ್ನೂ ನೋಡಿದೆ. ಅಡಿಗೆಮನೆಯನ್ನು ಆ ಕಡೆ ಗೋಡೆಗೆ ತಂದರೆ ಮರ ಹೊರಗೆ ಉಳಿಯುತ್ತದೆ. ಊಟದ ಹಾಲ್ ಸಣ್ಣದಾಗುತ್ತದೆ. ಎರಡು ಸಾಲು ಎಲೆ ಕಡಿಮೆ."

"ಎರಡು ಸಾಲು!" ಐತಾಳರು ತಮ್ಮದೇ ಕೈ ಕಡಿದಂತೆ ನೋಡಿದರು. "ಹಾಗಾದ್ರೆ ಮೂರನೇ ಪಂಕ್ತಿಯವ್ರು ಎಲ್ಲಿ ಕೂರುದು?"

ಅವರು ಕಾಗದವನ್ನು ಹಿಂದಿರುಗಿಸಲಿಲ್ಲ. ಹತ್ತು ಹೆಜ್ಜೆ ಆ ಕಡೆ ಹೋಗಿ ಬಾವಿಕಟ್ಟೆಯ ಮೇಲೆ ಕೂತರು, ಎದ್ದರು, ಯಾರಿಗೋ ಫೋನ್ ಮಾಡಿದರು, ಅರ್ಧಕ್ಕೇ ಇಟ್ಟರು. ಒಮ್ಮೆ ಮರದ ಹತ್ತಿರ ಬಂದು ಕೊಂಬೆ ಬಗ್ಗಿಸಿ ನೋಡಿದರು. ಬೆರಳಿಗೆ ಮುಳ್ಳು ಚುಚ್ಚಿ ಬೈದುಕೊಂಡರು. ಎಲ್ಲಿ ಚುಚ್ಚಿತು ಎಂದು ಮತ್ತೆ ನೋಡಿದರು. ಗೆಣ್ಣಿನಲ್ಲಲ್ಲ, ನಡುವೆ.

ಆಮೇಲೆ ಚಾಲಕನ ಬಳಿ ಹೋಗಿ ಕೈ ಆಡಿಸಿ, "ಹೋಗು ಮಾರಾಯ, ಇವತ್ತು ಇಲ್ಲ," ಎಂದು ಕನ್ನಡದಲ್ಲೇ ಹೇಳಿದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಅರ್ಥವಾಯಿತು. ಯಂತ್ರ ಹಿಂದಕ್ಕೆ ಸರಿದು ರಸ್ತೆಗಿಳಿಯಿತು. ಐತಾಳರು ಪದ್ಮಾವತಿಯವರ ಕಡೆ ತಿರುಗಿಯೂ ನೋಡದೆ ಕಾರು ಹತ್ತಿದರು.

ಪದ್ಮಾವತಿ ಏಳಲಿಲ್ಲ. ಇವತ್ತು ಇಲ್ಲ ಎಂದರೆ ನಾಳೆಯ ಮಾತೇನು? ಅಕ್ಷಯ್ ಎಷ್ಟು ಹೇಳಿದರೂ ಕೇಳಲಿಲ್ಲ. "ನೀ ಹೋಗಪ್ಪ. ನಕ್ಷೆ ತಿದ್ದು. ನಾ ಕೂತಿರ್ತೀನಿ," ಅಂದರು. ಬಿಸಿಲು ನೆತ್ತಿಗೇರಿತು. ಹಳದಿ ಕುಚ್ಚುಗಳಲ್ಲಿ ಜೇನುಹುಳು ಸದ್ದು ಮಾಡುತ್ತಿದ್ದವು. ಸೊಂಟ ನೋಯುತ್ತಿತ್ತು, ಹೊಟ್ಟೆ ಹಸಿಯುತ್ತಿತ್ತು. ಸಂಜೆಯವರೆಗೆ ಕೂರುವುದೇ ಎಂದು ನಿಶ್ಚಯಿಸಿದ್ದರು.

ಒಂದೂವರೆಗೆ ಕಾರು ಮತ್ತೆ ಬಂತು. ಹೋಟೆಲಿನಲ್ಲಿ ಊಟದ ಗದ್ದಲದ ಹೊತ್ತು ಅದು. ನಲವತ್ತು ವರ್ಷದಲ್ಲಿ ಐತಾಳರು ಆ ಹೊತ್ತಿಗೆ ಗಲ್ಲಾ ಬಿಟ್ಟು ಎದ್ದವರಲ್ಲ. ಅವರೇ ಇಳಿದರು, ಒಬ್ಬರೇ. ಬೆಳಗಿನ ಕಾಗದ ಅಂಗಿಯ ಜೇಬಿನಲ್ಲಿತ್ತು; ತೆಗೆದು ಕೊಟ್ಟರು. ಅದರ ಕೆಳಗೆ, ಖಾಲಿ ಉಳಿದಿದ್ದ ಜಾಗದಲ್ಲಿ, ಹೋಟೆಲಿನ ಪೆನ್ನಿನಿಂದ ದಪ್ಪಕ್ಕೆ ಬರೆದಿತ್ತು: ಇದು ಬನ್ನಿ. ಸಂಘ ಕಡಿಯುವುದಿಲ್ಲ. ಜನಾರ್ದನ ಐತಾಳ, ಕಾರ್ಯದರ್ಶಿ. ತಾರೀಖು.

ಪದ್ಮಾವತಿ ಓದಿ ತಲೆಯೆತ್ತಿದರು. ಐತಾಳರು ಆಗಲೇ ಕಾರಿನ ಹಿಂದಿನ ಸೀಟಿನಿಂದ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಎತ್ತಿಕೊಳ್ಳುತ್ತಿದ್ದರು. ತಂದು, ಬಿಸಿ ತಾಗದಂತೆ ಬಟ್ಟೆ ಸುತ್ತಿದ ಹಿಡಿಯನ್ನು ಅವರ ಕಡೆ ಮಾಡಿ, ಕೈಗೆ ಕೊಟ್ಟರು.